ಡಬ್ಬಿಯ ತ್ರಿಕೋನದಲ್ಲಿ ಮೀನಿನ ಲೆಕ್ಕವಿಲ್ಲ

ಮುಂಗಾರಿನ ಮೊದಲ ಜಡಿಮಳೆಗೆ ಮಲೆನಾಡಿನಲ್ಲಿ ಹಳ್ಳದ ಮೀನು ನೀರಿಗೆ ಎದುರಾಗಿ ಗದ್ದೆ ಹತ್ತುತ್ತದೆ. ಹತ್ತುಮೀನು ಎಂದೇ ಅದನ್ನು ಕರೆಯುತ್ತಾರೆ. ಮೊಟ್ಟೆಯಿಡಲು ಅದಕ್ಕೆ ಆಳವಿಲ್ಲದ ನೀರು ಬೇಕು. ಮರಿಗಳು ಇನ್ನೂ ಗದ್ದೆ, ಕಾಲುವೆಗಳಲ್ಲಿ ಆಡಿಕೊಂಡಿರುವಾಗಲೇ ನಾಟಿ ಮುಗಿದು, ಕಾಂಡಕೊರಕಕ್ಕೆ ಔಷಧಿ ಹೊಡೆಯುವ ಕಾಲ ಬಂದಿರುತ್ತದೆ.

ಅಂಥ ಔಷಧಿಗಳಲ್ಲೊಂದಾದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಮಾಡುವ ಕೆಲಸ ನೋಡಿ. ನರ ಸ್ನಾಯುವಿಗೆ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಅಪ್ಪಣೆ ತಲುಪಿದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆಯಬೇಕು. ಕ್ಲೋರ್‌ಪೈರಿಫಾಸ್ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಪ್ಪಣೆ ನಿಲ್ಲದೆ ಸ್ನಾಯು ಸೆಟೆದು, ಕೊನೆಗೆ ಸೋಲುತ್ತದೆ. ಹುಳು ಸಾಯುವುದು ಹೀಗೆ. ಮೀನಿನ ಮೈಯಲ್ಲೂ ಇರುವುದು ಅದೇ ಕಿಣ್ವ.

ಮೀನಿಗೆ ಇನ್ನೊಂದು ಸಂಕಟವಿದೆ. ಉಸಿರಿಗಾಗಿ ಅದು ದಿನವಿಡೀ ಕಿವಿರಿನ ಮೂಲಕ ನೀರು ಹಾಯಿಸುತ್ತಿರಬೇಕು. ಕಿವಿರಿನ ತೆಳ್ಳನೆ ಪೊರೆಯಾಚೆಗೇ ರಕ್ತ. ವಿಷ ತಾಗಿದಾಗ ಆ ಪೊರೆ ಊದಿಕೊಂಡು ಆಮ್ಲಜನಕದ ದಾರಿ ಕಟ್ಟುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿ ವಿಷದ ಖಾರ ಅಳೆಯುವುದು ನಮ್ಮ ರೂಢಿ. ಆ ಬಣ್ಣ ನಿಂತಿರುವುದು ಇಲಿಯಂಥ ಸಸ್ತನಿಗಳ ಮೇಲಿನ ಪರೀಕ್ಷೆಯ ಮೇಲೆ. ಅದು ಮನುಷ್ಯನ ರಕ್ಷಣೆಗೆ ಇಟ್ಟ ಗುರುತು. ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಸವರಿದ ಸೊಳ್ಳೆಪರದೆಯೊಳಗೆ ಹಸುಗೂಸು ನಿಶ್ಚಿಂತೆಯಿಂದ ಮಲಗಬಹುದು. ಅದೇ ಪರದೆಯನ್ನು ಹಳ್ಳದಲ್ಲಿ ಒಗೆದರೆ ಮೀನಿಗೆ ಅಪಾಯ. ನಮ್ಮ ಯಕೃತ್ತು ಬೇಗ ಒಡೆದುಹಾಕುವ ಈ ವಿಷವನ್ನು ಮೀನಿನದು ಅಷ್ಟು ಬೇಗ ಒಡೆಯಲಾರದು. ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಅನೇಕ ಜಾತಿಯ ಮೀನುಗಳು ಸಾಯುತ್ತವೆ.

ಸತ್ತು ತೇಲಿದ ಮೀನು ಕಣ್ಣಿಗಾದರೂ ಬೀಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಸಾಯದೆ ಉಳಿದವು. ಅವುಗಳ ಈಜು ಮಂದವಾಗುತ್ತದೆ, ಕೊಕ್ಕರೆ ಬಂದರೆ ತಪ್ಪಿಸಿಕೊಳ್ಳಲಾರವು. ಮರಿಗಳಿಗೆ ಆಹಾರವಾದ ನೀರುಚಿಗಟಗಳು ಮೊದಲೇ ಸತ್ತಿರುತ್ತವೆ. ಹಸಿದ ಮರಿ ಬೆಳೆಯುವುದಿಲ್ಲ. ಮುಂದಿನ ಮಳೆಗೆ ಹತ್ತುವ ಮೀನು ಕಡಿಮೆಯಾದಾಗ, ಈ ಸಲ ಮಳೆ ಸರಿ ಬರಲಿಲ್ಲ ಎನ್ನುತ್ತೇವೆ.

ಕೀಟನಾಶಕ ಇವತ್ತೇ ಬಿಡಿ ಎಂದು ಬೆಳೆ ಕಳೆದುಕೊಳ್ಳುವ ಹೆದರಿಕೆಯಲ್ಲಿರುವ ರೈತರಿಗೆ ನಾನು ಹೇಳಲಾರೆ. ಹೊಡೆದ ಮೇಲೆ ಕೆಲವು ದಿನ ಗದ್ದೆಯ ನೀರು ಹೊರಬಿಡದಂತೆ ಮಡೆ ಕಟ್ಟಿಡಬಹುದು. ಸ್ಪ್ರೇಯರ್ ಡಬ್ಬಿಯನ್ನು ಹಳ್ಳಕ್ಕೆ ಒಯ್ಯದೆ ಗದ್ದೆಯ ಬದಿಯಲ್ಲೇ ತೊಳೆದು, ಆ ನೀರನ್ನು ಬೆಳೆಯ ಮೇಲೆಯೇ ಹೊಡೆಯಬಹುದು. ಅದಕ್ಕೆ ಹೆಚ್ಚೆಂದರೆ ಎರಡು ಬಿಂದಿಗೆ ನೀರು ಹೊರಬೇಕು.