ಹಾಜರಿ ಪುಸ್ತಕವೂ ಸತ್ಯವೇದವೂ

ಕ್ರೈಸ್ತ ಮಿಶನರಿಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಕ್ಕಿಯ ಆಸೆ ತೋರಿಸಿ ಜಾತಿ ಕೆಡಿಸಿದರು ಎನ್ನುವವರು ಒಂದು ಕಡೆ. ದೇವರೊಬ್ಬನನ್ನೇ ನಂಬಿ ಸಮುದ್ರ ದಾಟಿ ಬಂದು ದೀನರನ್ನು ಉದ್ಧರಿಸಿದರು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರದು ದ್ವೇಷ, ಎರಡನೆಯವರದು ಭಕ್ತಿ. ಲೆಕ್ಕದ ಪುಸ್ತಕವನ್ನು ಮಾತ್ರ ಇಬ್ಬರೂ ಬಿಚ್ಚಿ ನೋಡುವುದಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ ಇಟ್ಟುಕೊಂಡೇ ದಿನದ ಜಮಾಖರ್ಚು ಬರೆಯುವ ನಮ್ಮ ಅಂಗಡಿಕಾರ ಮಿತ್ರರಾದರೂ ಇದನ್ನು ಬೇಗ ಗುರುತಿಸಬೇಕು.

ಮಂಗಳೂರಿನ ಬಾಸೆಲ್ ಮಿಶನ್ನನ್ನೇ ತೆಗೆದುಕೊಳ್ಳೋಣ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಸಂಸ್ಥೆ ಅದು. ಈಸ್ಟ್ ಇಂಡಿಯಾ ಕಂಪೆನಿಯ ಸನದು 1833ರಲ್ಲಿ ಬದಲಾಗಿ ಇಂಗ್ಲಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿಳಿದರು. ಬಂದವರು ಜಮೀನ್ದಾರರ ಮಕ್ಕಳಲ್ಲ. ಆ ಮಿಶನ್ ಕಳಿಸಿದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ರೈತರ, ಕೈಕಸುಬಿನವರ ಮಕ್ಕಳು. ಹೆಬಿಕ್ಕರಂತೂ ಮೊದಲು ವ್ಯಾಪಾರದಲ್ಲಿದ್ದವರು.

ಉಪದೇಶ ಸುಲಭವಾಗಿತ್ತು. ಉಪದೇಶ ಕೇಳಿ ಒಬ್ಬನು ನಿಜವಾಗಿ ಒಪ್ಪಿಕೊಂಡಾಗ ಕಷ್ಟ ಶುರುವಾಯಿತು. ತುಳುನಾಡಿನಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರು ಬಿಲ್ಲವರು. ಕಳ್ಳು ಇಳಿಸುವುದು ಕ್ರೈಸ್ತನಿಗೆ ತಕ್ಕ ಕಸುಬಲ್ಲವೆಂದು ಮಿಶನ್ ಹೇಳಿತು, ಕುಲಕಸುಬು ಹೋಯಿತು. ನೆಂಟರು ನೀರು ಬೆಂಕಿ ನಿಲ್ಲಿಸಿದರು. ಗೇಣಿಯ ಗದ್ದೆ ಧಣಿಯ ಮರ್ಜಿಗೆ ಸೇರಿದ್ದು. ಆದಿತ್ಯವಾರ ಹಾಡು ಹಾಡಿದವನು ಸೋಮವಾರ ಏನು ಉಣ್ಣಬೇಕು? ಹಿಂದೆ ಮರುಭೂಮಿಯಲ್ಲಿ ಬಿದ್ದ ಮನ್ನ ಮಂಗಳೂರಿನಲ್ಲಿ ಬೀಳಲಿಲ್ಲ.

ಆಗ ಈ ವಿಶ್ವಾಸಿಗಳು ಕೈಗೊಂಡ ತೀರ್ಮಾನ ಪ್ರಾರ್ಥನೆಯದಲ್ಲ, ಕೆಲಸದ್ದು. ಬೇಸಾಯ, ಗಡಿಯಾರದ ಕೆಲಸ, ಮರಗೆಲಸ ಎಲ್ಲವನ್ನೂ ಮಾಡಿ ನೋಡಿದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ನೇಯ್ಗೆ ಬಲ್ಲ ಹಾಲರ್ ಎಂಬವರು 1851ರಲ್ಲಿ ಬಂದು ಮಗ್ಗಗಳನ್ನು ಸುಧಾರಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮಣ್ಣಿನಿಂದ ಹಂಚು ಸುಡತೊಡಗಿದರು. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್ ಎಂದು ಗೂಡುಗಳು ಹಬ್ಬಿದವು. ಕಾಲಕ್ರಮದಲ್ಲಿ ಹಿಂದೂಗಳೂ ಮುಸಲ್ಮಾನರೂ ಅಲ್ಲಿ ದುಡಿದರು. ಮುಲ್ಲಿಹುಲ್ಲಿನ ಮಾಡು ಹೋಗಿ ಕೆಂಪು ಹಂಚು ಬಂದ ಮನೆಗಳಿಗೆ ಲೆಕ್ಕವಿಲ್ಲ. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಎಲ್ಲರಿಗೂ ಗೊತ್ತಿರುವವು. ಅವನ್ನು ಹೊಗಳಲು ಪಂಡಿತರಿದ್ದಾರೆ.

ಅಕ್ಕಿ ಕೊಟ್ಟರೆಂದು ಜರಿಯುವ ಮಹನೀಯರೆ, ಈಗ ನಿಮ್ಮನ್ನೊಂದು ಮಾತು ಕೇಳುತ್ತೇವೆ. ಕೊಟ್ಟದ್ದು ಅಕ್ಕಿಯಲ್ಲ, ಗೂಡಿನ ಬೆಂಕಿಯೆದುರು ಬೆವರು ಹರಿಸುವ ಕೆಲಸ. ಅದನ್ನಾದರೂ ನಿಮ್ಮ ಮಠಗಳು, ನಿಮ್ಮ ಧಣಿಗಳು ಕೊಟ್ಟಿದ್ದರೆ? ಕೊಡಗಿನ ಹೊಲೆಯ ಜೀತದಾಳುಗಳಿಗಾಗಿ ಆನಂದಪುರವನ್ನು ಕಟ್ಟಲು ಜರ್ಮನಿಯಿಂದ ಮೋಗ್ಲಿಂಗರೇ ಬರಬೇಕಾಯಿತಲ್ಲ! ಜಾತಿ ಕೆಟ್ಟಿತೆಂದು ಅತ್ತವರು, ಜೀತ ಇದ್ದಾಗ ಏಕೆ ಅಳಲಿಲ್ಲ?

ಇಷ್ಟು ಹೇಳಿ ನಿಲ್ಲಿಸಿದರೆ ಭಕ್ತಮಂಡಳಿಗೆ ಸಂತೋಷವಾದೀತು. ಆದರೆ ತೀರ್ಮಾನ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ, ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿ ಎಂಬುದು ಇನ್ನೊಂದು. ಆ ಅಧಿಕಾರ ಮಂಗಳೂರಿನಲ್ಲಿರಲಿಲ್ಲ. ಬಾಸೆಲ್ ನಗರದ ಕಮಿಟಿಯಲ್ಲಿತ್ತು. ಬಾಸೆಲ್ ಎಂದರೆ ರೇಷ್ಮೆ ರಿಬ್ಬನ್ ತಯಾರಿಕೆಯಿಂದ ಕೊಬ್ಬಿದ ಊರು. ಕಮಿಟಿಯ ಮೇಜಿನ ಸುತ್ತ ಪಾದ್ರಿಗಳ ಜೊತೆಗೆ ಅಲ್ಲಿನ ಹಳೆಯ ಶ್ರೀಮಂತ ಮನೆತನದವರು ಕೂತಿದ್ದರು.

ಆ ಕಮಿಟಿ ತನ್ನ ಮಿಶನರಿಗಳನ್ನೇ ಹೇಗೆ ನಡೆಸಿತು ನೋಡಿ. ಮದುವೆಯಾಗಲು ಅಪ್ಪಣೆ ಬೇಕು. ಹುಡುಗಿ ಯಾರೆಂಬುದಕ್ಕೂ ಕಮಿಟಿಯ ಒಪ್ಪಿಗೆ ಬೇಕು. ಮುಖ ಕಂಡರಿಯದ ವರನನ್ನು ವರಿಸಲು ಎಷ್ಟೋ ಹೆಣ್ಣುಮಕ್ಕಳು ಹಡಗು ಹತ್ತಿ ಬಂದರು. ಹುಟ್ಟಿದ ಮಕ್ಕಳನ್ನು ಎಳೆಯ ಪ್ರಾಯದಲ್ಲೇ ಯುರೋಪಿಗೆ ಕಳಿಸಬೇಕು. ಅದಕ್ಕೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆದರು. ಮಲಯಾಳ ನಿಘಂಟಿನ ಗುಂಡರ್ಟರ ಮಗಳು ಮೇರಿ, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು, ಚಿಕ್ಕಂದಿನಲ್ಲೇ ತಂದೆತಾಯಿಯರಿಂದ ಅಗಲಿ ಯುರೋಪಿನಲ್ಲಿ ಬೆಳೆದಳು. ಮುಂದೆ ಆಕೆಯೇ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯಾದಳು. ಇಲ್ಲಿನ ಜ್ವರಕ್ಕೆ ಮಕ್ಕಳು ಬಲಿಯಾಗುತ್ತಿದ್ದರು, ಶಾಲೆ ಬೇಕಿತ್ತು, ಆದ್ದರಿಂದ ಕಾರಣವಿಲ್ಲದ ನಿಯಮವೆಂದು ನಾವು ಹೇಳುವುದಿಲ್ಲ. ಆದರೆ ಮಗುವಿನ ಕೈ ಬಿಡಿಸಿಕೊಂಡ ತಾಯಿಗೆ ಇದು ದೇವರ ಚಿತ್ತವೆಂದು ತಿಳಿಹೇಳಿದವರಲ್ಲಿ, ಸಾಯಂಕಾಲ ತಮ್ಮ ಮಕ್ಕಳ ಜೊತೆ ಊಟಕ್ಕೆ ಕುಳಿತವರೆಷ್ಟು ಮಂದಿ! 1851–52ರಲ್ಲಿ ಜೋಸೆನ್‌ಹಾನ್ಸ್ ಎಂಬ ಇನ್‌ಸ್ಪೆಕ್ಟರು ತಾವೇ ಇಲ್ಲಿಗೆ ಬಂದು ತಪಾಸಣೆ ಮಾಡಿ ಶಿಸ್ತನ್ನು ಇನ್ನಷ್ಟು ಬಿಗಿಗೊಳಿಸಿದರು. ಇನ್‌ಸ್ಪೆಕ್ಟರು ಎಂಬ ಪದವೇ ಗಿರಣಿಯ ಗೆಳೆಯರಿಗೆ ಸಾಕು.

ಸ್ವಂತ ಸೇವಕರ ಮನೆಯೊಳಕ್ಕೆ ಇಷ್ಟು ದೂರ ಕೈಚಾಚಿದವರು, ಕೂಲಿಯವನಿಗೆ ಮಾತನಾಡುವ ಹಕ್ಕು ಕೊಟ್ಟಾರೆಯೆ? 1859ರಲ್ಲಿ ವ್ಯಾಪಾರಕ್ಕಾಗಿ ಬಾಸೆಲ್‌ನಲ್ಲಿ ಷೇರು ಕಂಪೆನಿಯೇ ಎದ್ದಿತು. ಲಾಭದ ಪಾಲು ಮಿಶನ್ನಿಗೆ ಹೋಗುತ್ತಿತ್ತು, ಸರಿ. ಷೇರುದಾರರಿಗೂ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಕೆಲಸಕ್ಕೆ ಮುಂಚೆ ಪ್ರಾರ್ಥನೆ, ಆದಿತ್ಯವಾರ ರಜೆ. ಆ ಕಾಲದ ಬೇರೆ ಧಣಿಗಳಿಗೆ ಹೋಲಿಸಿದರೆ ಇವರು ಮೇಲು. ಆದರೂ ಕೂಲಿ ಕೊಡುವವನೂ ಪಾಪಪುಣ್ಯ ವಿಚಾರಿಸುವವನೂ ಒಂದೇ ಮನೆಯವರಾದಾಗ, ಇಷ್ಟು ಕೂಲಿ ಸಾಲದೆಂದು ಬಾಯಿ ಬಿಡುವವನು ಯಾರು? ಹಾಜರಿ ಪುಸ್ತಕ ಒಂದು ಕೈಯಲ್ಲಿ, ಸತ್ಯವೇದ ಇನ್ನೊಂದು ಕೈಯಲ್ಲಿ. ಬೋಧಕರು ಕಾರ್ಖಾನೆಯ ಯಜಮಾನರಾಗುವುದು ತಕ್ಕದ್ದೆ ಎಂದು ಮಿಶನರಿಗಳೊಳಗೇ ತರ್ಕ ನಡೆಯಿತು. ತರ್ಕಿಸಿದವರ ಆತ್ಮಸಾಕ್ಷಿಗೆ ನಮ್ಮ ಗೌರವವಿದೆ. ಆದರೆ ಅವರ ಚಿಂತೆ ಬೋಧಕನ ಆತ್ಮ ಕೆಟ್ಟೀತೆಂಬುದು. ಆಳಿನ ಬಾಯಿ ಕಟ್ಟೀತೆಂಬುದಲ್ಲ. (ಖಾಕಿ ಬಣ್ಣ ಹಾಲರರ ಮಗ್ಗದ ಮನೆಯಲ್ಲೇ ಹುಟ್ಟಿತೆಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಇದೆ. ಮುಷ್ಕರ ಹೂಡಿ ಲಾಠಿ ಏಟು ತಿಂದವರಿಗೆ ಆ ಬಣ್ಣದ ಪರಿಚಯ ಬೇಡ.)

ಈ ಎಲ್ಲದರ ಯಜಮಾನರು ಯಾರೆಂಬುದು 1914ರಲ್ಲಿ ಬಯಲಾಯಿತು. ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಶತ್ರುಗಳೆಂದು ಹಿಡಿದು ಶಿಬಿರಕ್ಕೆ ಹಾಕಿತು, ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಕರ್ತನ ಕೆಲಸ, ಕರ್ತನ ಆಸ್ತಿ ಎಂದು ಅಷ್ಟು ವರ್ಷ ಕರೆದದ್ದು ಕಾಯಿದೆಯ ಕಣ್ಣಿಗೆ ಬರೀ ಕಂಪೆನಿಯ ಆಸ್ತಿಯಾಗಿ ಕಂಡಿತು. ಯುದ್ಧ ಮುಗಿದ ಮೇಲೆ ಗೂಡು, ಮಗ್ಗ, ಅಂಗಡಿ ಎಲ್ಲವೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಬ್ರಿಟಿಷ್ ಕಂಪೆನಿಯ ಪಾಲಾದವು. ಕಸುಬು ಬಿಟ್ಟು, ಕುಲ ಬಿಟ್ಟು, ಎರಡು ಮೂರು ತಲೆಮಾರು ಅಲ್ಲೇ ಬಾಳು ಸವೆಸಿದ ಜನರಿದ್ದರು. ಆಸ್ತಿಯನ್ನು ಅವರ ಸಹಕಾರ ಸಂಘಕ್ಕೆ ಒಪ್ಪಿಸಬಹುದಿತ್ತು. ಸಹಕಾರದ ಕಾಯಿದೆ 1904ರಿಂದಲೇ ಈ ದೇಶದಲ್ಲಿತ್ತು. ಆದರೆ ಕಾಗದಪತ್ರಗಳು ಲಂಡನ್ನಿನ ಮೇಜಿಗೆ ಹೋದವು, ಮತ್ತು ಜೆಪ್ಪುವಿನಲ್ಲಿ ಮಣ್ಣು ತುಳಿಯುವವನು ಮರುದಿನ ಬೆಳಿಗ್ಗೆ ಹೊಸ ಯಜಮಾನನ ಹಾಜರಿ ಪುಸ್ತಕಕ್ಕೆ ಹೆಸರು ಕೊಟ್ಟನು.