ಕುಂಟೆಬಿಲ್ಲೆಯ ನಂಟ ಮಾರಿಯೊ

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ‘ಸೂಪರ್ ಮಾರಿಯೊ ಬ್ರದರ್ಸ್’ ವಿಡಿಯೊ ಗೇಮ್ ಹೊಸತೆನಿಸದು. ಗೆರೆ ತುಳಿದರೆ ಔಟು, ಪಾಳಿ ಜೊತೆಗಾರನಿಗೆ. ಇಬ್ಬರು ಆಡುವಾಗ ಮಾರಿಯೊದಲ್ಲೂ ಹೆಚ್ಚುಕಡಿಮೆ ಇದೇ ಕಾನೂನು.

ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ರೂಪಿಸಿದ ಈ ಆಟ ಬಂದದ್ದು 1985ರಲ್ಲಿ. ಎಂಟು ಲೋಕ, ಒಂದೊಂದರಲ್ಲೂ ನಾಲ್ಕು ಹಂತ. ರಕ್ತವಿಲ್ಲ, ಬೈಗುಳವಿಲ್ಲ. ಇಂಗ್ಲಿಷ್ ಬಾರದ ಮಗುವೂ ಆಡಬಹುದು. ಶುರುವಿಗೇ ಅಣಬೆಯಂಥ ಪ್ರಾಣಿಯೊಂದು ಎದುರು ಬರುತ್ತದೆ; ಡಿಕ್ಕಿ ಹೊಡೆದರೆ ಒಂದು ಜೀವ ಹೋಯಿತು, ಮೇಲೆ ಜಿಗಿದರೆ ಅದು ಅಪ್ಪಚ್ಚಿ. ಪಾಠ ಅಷ್ಟೇ!

ಕೊರತೆಯೂ ಉಂಟು. ಪರದೆ ಹಿಂದಕ್ಕೆ ಸರಿಯದು, ಬಿಟ್ಟ ನಾಣ್ಯ ಬಿಟ್ಟಂತೆಯೇ. ಎಲ್ಲಿಯವರೆಗೆ ಆಡಿದ್ದೆವೆಂಬುದು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿಯುವುದಿಲ್ಲ. ಏಳನೆಯ ಲೋಕದಲ್ಲಿ ಕರೆಂಟು ಹೋದರೆ ಮತ್ತೆ ಒಂದನೆಯದೇ. ಹಾಗಾಗಿ ಪಾಲಕರೇ, ಊಟಕ್ಕೆ ಕರೆಯುವಾಗ ಸ್ವಿಚ್ ಆರಿಸಬೇಡಿ, ಸ್ಟಾರ್ಟ್ ಗುಂಡಿ ಒತ್ತಿಸಿ; ಆಟ ಅಲ್ಲೇ ನಿಂತಿರುತ್ತದೆ. ಮಕ್ಕಳೇ, ಜೀವಗಳೆಲ್ಲ ಮುಗಿದರೂ ‘ಎ’ ಗುಂಡಿ ಹಿಡಿದುಕೊಂಡು ಸ್ಟಾರ್ಟ್ ಒತ್ತಿ. ಸೋತ ಲೋಕದ ಮೊದಲ ಹಂತದಿಂದಲೇ ಆಡಬಹುದು.

2023ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’ನಲ್ಲಿ ಪಾಳಿ ಕಾಯಬೇಕಿಲ್ಲ, ನಾಲ್ವರು ಒಟ್ಟಿಗೇ ಓಡಬಹುದು. ಯೋಶಿಯಾಗಿ ಆಡುವ ಪುಟ್ಟ ತಂಗಿಗೆ ಶತ್ರು ತಾಗಿದರೂ ಏನೂ ಆಗದು. ಹಳ್ಳಕ್ಕೆ ಬಿದ್ದರೆ ಮಾತ್ರ ಅವಳೂ ಔಟು.