ಬೈಕ್ ಬಿದ್ದರೆ ಫೋನ್ ಮಾಡುವವರು ಯಾರು?

‘ಅಪರಿಚಿತ ವಾಹನ ಡಿಕ್ಕಿ, ಬೈಕ್ ಸವಾರ ಸಾವು.’ ಪತ್ರಿಕೋದ್ಯಮ ಓದಿ ಹೊರಬಂದ ಮೇಲೆ ನಾವು ಈ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಐದೇ ಸಾಲು. ಹೆಸರು, ವಯಸ್ಸು, ಊರು, ಯಾವ ಠಾಣೆಯಲ್ಲಿ ಪ್ರಕರಣ. ಒಂದು ವಿಷಯ ಮಾತ್ರ ಬರೆದೇ ಇಲ್ಲ: ಬಿದ್ದ ಮೇಲೆ ಆತ ಎಷ್ಟು ಹೊತ್ತು ಅಲ್ಲೇ ಬಿದ್ದಿದ್ದ? ಕೇಳಿದರೂ ಉತ್ತರ ಸಿಗುವುದಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ನೋಡಿದರು ಅನ್ನುವಲ್ಲಿಂದಲೇ ಕಥೆ ಶುರುವಾಗುತ್ತದೆ. ಅಪಘಾತ ಆದದ್ದು ರಾತ್ರಿ ಹತ್ತಕ್ಕೋ ಎರಡಕ್ಕೋ, ಹೇಳುವವರಿಲ್ಲ.

ಈ ಯಾರಿಗೂ ಗೊತ್ತಾಗದ ಹೊತ್ತನ್ನು ಕಡಿಮೆ ಮಾಡುವ ತಂತ್ರಜ್ಞಾನ ಬಂದು ವರ್ಷಗಳಾದವು. ಯುರೋಪ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಎಲ್ಲ ಕಾರು, ಸಣ್ಣ ವ್ಯಾನ್‌ಗಳಲ್ಲಿ ‘ಇ-ಕಾಲ್’ ಎಂಬ ಸಾಧನ ಕಡ್ಡಾಯ. ಜೋರಾಗಿ ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದ ಕೂಡಲೇ ಕಾರೇ ತನ್ನೊಳಗಿನ ಸಿಮ್‌ನಿಂದ 112ಕ್ಕೆ ಕರೆ ಮಾಡುತ್ತದೆ. ಎಲ್ಲಿ ಆಗಿದೆ, ಗಾಡಿ ಯಾವ ದಿಕ್ಕಿಗೆ ಹೋಗುತ್ತಿತ್ತು, ಪೆಟ್ರೋಲ್ ಗಾಡಿಯೋ ಡೀಸೆಲ್ ಗಾಡಿಯೋ ಎಂಬ ಮಾಹಿತಿ ತಾನಾಗಿ ಹೋಗುತ್ತದೆ. ಜೊತೆಗೆ ಮಾತಾಡಲು ಲೈನ್ ತೆರೆಯುತ್ತದೆ. ಒಳಗಿದ್ದವರು ಉತ್ತರಿಸದಿದ್ದರೂ ಆಂಬುಲೆನ್ಸ್ ಹೊರಡಿಸಬಹುದು.

ಇದರಿಂದ ನೆರವು ತಲುಪುವ ಸಮಯ ಪಟ್ಟಣಗಳಲ್ಲಿ ಶೇ 40ರಷ್ಟು, ಹಳ್ಳಿಗಾಡಿನಲ್ಲಿ ಶೇ 50ರಷ್ಟು ಕಡಿಮೆಯಾಗಬಹುದು ಎಂಬುದು ಅಲ್ಲಿನ ಆಡಳಿತದ ಅಂದಾಜು. ಹಳ್ಳಿಗೇ ಲಾಭ ಹೆಚ್ಚು ಎಂಬುದನ್ನು ಗಮನಿಸಿ. ಸಿಟಿಯ ಸರ್ಕಲ್‌ನಲ್ಲಿ ಬಿದ್ದರೆ ಐವತ್ತು ಜನ ಸೇರುತ್ತಾರೆ, ಅದರಲ್ಲಿ ಹತ್ತು ಜನ ವಿಡಿಯೊ ತೆಗೆದರೂ ಒಬ್ಬರಾದರೂ ಫೋನ್ ಮಾಡುತ್ತಾರೆ. ತೋಟದ ದಾರಿಯ ತಿರುವಿನಲ್ಲಿ ಬಿದ್ದರೆ ನೋಡಲು ನಾಯಿಯೂ ಇರುವುದಿಲ್ಲ.

ಈಗ ನಮ್ಮ ದೇಶದ ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ಸುಮಾರು ಶೇ 68ರಷ್ಟು ಸಾವು ಗ್ರಾಮೀಣ ಪ್ರದೇಶದಲ್ಲಿ. ಸತ್ತವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸಾಯುತ್ತಿರುವುದು ಹೆಚ್ಚಾಗಿ ಹಳ್ಳಿಗಾಡಿನ ರಸ್ತೆಯಲ್ಲಿ, ಅದರಲ್ಲೂ ದೊಡ್ಡ ಪಾಲು ಬೈಕ್‌ನಲ್ಲಿ. ಆದರೆ ಅಪಘಾತ ಗುರುತಿಸುವ ತಂತ್ರಜ್ಞಾನ ಸಿಗುತ್ತಿರುವುದು ದುಬಾರಿ ಕಾರು ಮತ್ತು ದುಬಾರಿ ಫೋನ್‌ಗಳಲ್ಲಿ. ಐಫೋನ್‌ನಲ್ಲಿ 2022ರಿಂದ ಇಂಥ ಸೌಲಭ್ಯವಿದೆ, ಅದನ್ನು ರೂಪಿಸಿರುವುದೂ ಕಾರು ಅಪಘಾತಕ್ಕೆಂದೇ. (ಅಮೆರಿಕದಲ್ಲಿ ಜಾತ್ರೆಯ ತೊಟ್ಟಿಲಿನಂಥ ರೋಲರ್ ಕೋಸ್ಟರ್ ಹತ್ತಿದವರ ಜೇಬಿನಿಂದಲೂ ಅದು ಪೊಲೀಸರಿಗೆ ಕರೆ ಮಾಡಿತ್ತು!)

ನಮ್ಮಲ್ಲೂ ಒಂದು ನಿಯಮವಿದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಬಸ್, ಟ್ಯಾಕ್ಸಿಗಳಲ್ಲಿ ಸ್ಥಳ ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕು. ಒಳ್ಳೆಯದೇ. ಆದರೆ ಗುಂಡಿ ಒತ್ತಲು ಎಚ್ಚರವಿರಬೇಕಲ್ಲ? ಇನ್ನು ದ್ವಿಚಕ್ರ, ತ್ರಿಚಕ್ರ ವಾಹನಗಳನ್ನು ಆ ನಿಯಮದಿಂದಲೇ ಹೊರಗಿಟ್ಟಿದ್ದಾರೆ.

ನಾವು ಹೇಳುವುದಿಷ್ಟೇ: ಭಾರತದಲ್ಲಿ ಇಂಥ ಕಾನೂನು ಬರುವುದಾದರೆ ಮೊದಲು ಬೈಕ್‌ಗೆ ಬರಲಿ, ಕಾರಿಗೆ ಆಮೇಲೆ.

ಬೈಕ್‌ಗೆ ಇದು ಕಷ್ಟ ಅನ್ನುತ್ತಾರೆ. ಸ್ವಲ್ಪ ಕಷ್ಟ ನಿಜ. ಸ್ಟ್ಯಾಂಡ್ ಜಾರಿದರೂ ಗಾಡಿ ಬೀಳುತ್ತದೆ, ಗುಂಡಿಗೆ ಇಳಿದರೂ ಎಗರುತ್ತದೆ. ಅದಕ್ಕೆಲ್ಲ ಆಂಬುಲೆನ್ಸ್ ಬಂದರೆ ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ. ಆದರೆ ವೇಗವಾಗಿ ಹೋಗುತ್ತಿದ್ದ ಗಾಡಿ ಥಟ್ಟನೆ ನಿಂತು, ಅಡ್ಡಬಿದ್ದು, ಹಾಗೇ ಉಳಿದರೆ ಮಾತ್ರ ಕರೆ ಹೋಗುವಂತೆ ಮಾಡಬಹುದು. ಕರೆಗೆ ಮುಂಚೆ ಅರ್ಧ ನಿಮಿಷ ಹಾರ್ನ್ ಹೊಡೆಯಲಿ, ಏನೂ ಆಗಿಲ್ಲವಾದರೆ ಸವಾರನೇ ನಿಲ್ಲಿಸುತ್ತಾನೆ. ಬಿದ್ದದ್ದನ್ನು ಗುರುತಿಸಿ ಮನೆಯವರಿಗೆ ಮೆಸೇಜ್ ಕಳಿಸುವ ಎಲೆಕ್ಟ್ರಿಕ್ ಸ್ಕೂಟರ್‌ಗಳು ನಮ್ಮ ದೇಶದಲ್ಲೇ ಮಾರಾಟಕ್ಕಿವೆ.

ಅಲ್ಲೂ ಒಂದು ತಕರಾರಿದೆ. ಮೆಸೇಜ್ ಮನೆಯವರಿಗೆ ಹೋದರೆ ಸಾಲದು. ರಾತ್ರಿ ಹನ್ನೊಂದಕ್ಕೆ, ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಮ್ಮನಿಗೆ ಇಂಗ್ಲಿಷ್‌ನಲ್ಲೊಂದು ಮೆಸೇಜ್, ಕೆಳಗೊಂದು ಮ್ಯಾಪ್ ಲಿಂಕ್ ಬಂದರೆ ಅವರೇನು ಮಾಡಬೇಕು? ಮಾಹಿತಿ ನೇರವಾಗಿ 112ಕ್ಕೆ ಹೋಗಬೇಕು, ಮನೆಗೆ ಹೋಗುವುದು ಕನ್ನಡದಲ್ಲಿ ಮಾತಾಡುವ ಕರೆಯಾಗಿರಬೇಕು.

ಬೆಲೆ ಹೆಚ್ಚಾಗುವುದಿಲ್ಲವೇ? ಆಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆ ಎಬಿಎಸ್, ಉಳಿದವಕ್ಕೆ ಕನಿಷ್ಠ ಜೋಡಿ ಬ್ರೇಕ್ ವ್ಯವಸ್ಥೆ ಕಡ್ಡಾಯವಾದಾಗಲೂ ಆಯಿತು. ಜನ ಬೈಕ್ ಕೊಳ್ಳುವುದನ್ನೇನೂ ಬಿಡಲಿಲ್ಲ.

ನಮಗಿರುವ ಅಳುಕು ಬೇರೆ. ಗಾಡಿಯಲ್ಲಿ ಸಿಮ್ ಕೂತರೆ ನಾವು ಹೋದಲ್ಲೆಲ್ಲ ಯಾರೋ ನೋಡುತ್ತಿರುತ್ತಾರಾ? ಕಂತು ಕಟ್ಟದಿದ್ದರೆ ಫೈನಾನ್ಸ್‌ನವರು ಅದರಿಂದಲೇ ಬೈಕ್ ಹುಡುಕಿ ಎಳೆದೊಯ್ಯುತ್ತಾರಾ? ಈ ಭಯ ಸುಮ್ಮನೆ ಬಂದದ್ದಲ್ಲ. ಯುರೋಪಿನ ಕಾನೂನಿನಲ್ಲಿ ಆ ಸಾಧನ ಡಿಕ್ಕಿಯಾಗುವವರೆಗೆ ಮಲಗಿರಬೇಕು, ಗಾಡಿಯನ್ನು ಸದಾ ಹಿಂಬಾಲಿಸುವಂತಿಲ್ಲ. ಇಲ್ಲಿಯೂ ಅದೇ ಷರತ್ತು ಬೇಕು. ಅದಿಲ್ಲದೆ ಬಂದರೆ ನಮ್ಮ ಹುಡುಗರು ಮೊದಲ ದಿನವೇ ವೈರ್ ಕಿತ್ತು ಹಾಕುತ್ತಾರೆ.

ಅದೆಲ್ಲ ಬರುವವರೆಗೆ ನಮ್ಮ ಕೈಯಲ್ಲಿರುವುದು ಫೋನ್ ಮಾತ್ರ. ರಾತ್ರಿ ಒಬ್ಬರೇ ಹೊರಡುವಾಗ ವಾಟ್ಸಾಪ್‌ನಲ್ಲಿ ಮನೆಯ ಯಾರಿಗಾದರೂ ಲೈವ್ ಲೊಕೇಶನ್ ಹಾಕಿ. ದಾರಿಯಲ್ಲಿ ಬಿದ್ದವರನ್ನು ಕಂಡರೆ ‘ಪೊಲೀಸ್, ಕೋರ್ಟ್ ಅಂತ ಅಲೆಸುತ್ತಾರೆ’ ಎಂದು ಹೆದರಿ ಮುಂದೆ ಹೋಗಬೇಡಿ. ಸುಪ್ರೀಂ ಕೋರ್ಟ್ 2016ರಲ್ಲೇ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಅದು ಸೇರಿದೆ. ನಿಮ್ಮ ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಗಾಯಾಳುವಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ 2025ರಲ್ಲಿ ಬಂದಿದೆ.

108ಕ್ಕೋ 112ಕ್ಕೋ ಕರೆ ಮಾಡಿದಾಗ ‘ಎಲ್ಲಿ?’ ಎಂದು ಕೇಳುತ್ತಾರೆ. ನಾವು ‘ದೊಡ್ಡ ಆಲದ ಮರದ ಹತ್ತಿರ’ ಅನ್ನುತ್ತೇವೆ. ಆಲದ ಮರ ಊರಿಗೊಂದಿದೆ. ರಸ್ತೆಯ ಹೆಸರು, ಎರಡೂ ಕಡೆಯ ಊರು, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿ. ನಿಮ್ಮೂರ ರಸ್ತೆಯ ಕಲ್ಲಿನಲ್ಲಿ ಆ ಸಂಖ್ಯೆ ಅಳಿಸಿಹೋಗಿದ್ದರೆ ಒಂದು ಫೋಟೊ ತೆಗೆದು ತಾಲ್ಲೂಕಿನ ಲೋಕೋಪಯೋಗಿ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಒಂದು ಪ್ರತಿ ನಮಗೂ ಕಳಿಸಿ, ಬಣ್ಣ ಬಳಿದರೋ ಇಲ್ಲವೋ ಎಂದು ಕೇಳುತ್ತಿರುತ್ತೇವೆ.